ಒಳಗಿನ ಲೋಟ

ಆ ಕಾಫಿಯ ರುಚಿ ಸಿದ್ದಮ್ಮನ ಬಾಯಿಂದ ಹೋಗಿಲ್ಲ. ಎಲೆಅಡಿಕೆ ಜಗಿದಳು. ಬೂದಿಯಲ್ಲಿ ಹಲ್ಲುಜ್ಜಿದಳು. ಹೋಗಲಿಲ್ಲ.

ಅವಳು ಹುಟ್ಟಿದ್ದೇ ಕಾಫಿ ಗಿಡದ ಬುಡದಲ್ಲಿ. ಗೋಣಿಬೀಡಿನಿಂದ ಸ್ವಲ್ಪ ಒಳಗೆ ಮಂಜಯ್ಯನವರ ಎಸ್ಟೇಟು, ಅದರ ಕೆಳಗಿನ ಕೂಲಿಯಾಳುಗಳ ಲೈನಿನಲ್ಲಿ ಅವಳ ಮನೆ. ಅವಳ ಅವ್ವ ಅದೇ ತೋಟದಲ್ಲಿ ಹಣ್ಣು ಕುಯ್ದು ಸತ್ತಳು. ಗಂಡ ಅದೇ ತೋಟದಲ್ಲಿ ಮೂಟೆ ಹೊತ್ತು ಸತ್ತ. ಕುಯ್ಲಿನ ದಿನಗಳಲ್ಲಿ ಚಗಳಿ ಇರುವೆ ಕಚ್ಚಿ ಸಿದ್ದಮ್ಮನ ಕುತ್ತಿಗೆ ಊದುತ್ತಿತ್ತು. ಕಣದಲ್ಲಿ ಕಾಫಿ ಹರವಿ ಹರವಿ ಅಂಗಾಲು ಸೀಳಿತ್ತು. ಇಷ್ಟೆಲ್ಲ ಮಾಡಿದವಳು ಆ ಮನೆಯ ಕಾಫಿಯನ್ನು ಆ ಮನೆಯ ಲೋಟದಲ್ಲಿ ಕುಡಿದದ್ದು ಒಂದೇ ಸಲ. ಆ ಒಂದು ಲೋಟಕ್ಕೆ ಮಗನನ್ನು ಕೊಟ್ಟು ಬಂದಳು.

ಅವಳದ್ದು ಬೇರೆ ಲೋಟ. ಅಲ್ಯೂಮಿನಿಯಂನದ್ದು, ಅಂಚು ಮುಕ್ಕಾದದ್ದು. ಕೊಟ್ಟಿಗೆಯ ಸೂರಿಗೆ ಸಿಕ್ಕಿಸಿಟ್ಟಿರುತ್ತಿತ್ತು. ಬೆಳಿಗ್ಗೆ ಸಗಣಿ ಬಾಚಿ, ಸೌದೆ ಹೊತ್ತು ತಂದು, ಬಚ್ಚಲ ಒಲೆಗೆ ಬೆಂಕಿ ಹಾಕಿದ ಮೇಲೆ ಅದನ್ನು ತೊಳೆದು ನೆಲದ ಮೇಲಿಟ್ಟು ದೂರ ನಿಲ್ಲಬೇಕು. ಮಂಜಯ್ಯನವರ ಹೆಂಡತಿ ವಿಮಲಮ್ಮ ಮೇಲಿನಿಂದ ಕಾಫಿ ಹೊಯ್ಯುತ್ತಾರೆ. ಬಚ್ಚಲ ಒಲೆಯ ಬಾಯಿ ಗೋಡೆಯ ಹೊರಗಿತ್ತು. ಆ ಮನೆಯವರ ಮೈಗೆ ಬೀಳುವ ನೀರನ್ನೆಲ್ಲ ಇಷ್ಟು ವರ್ಷ ಕಾಯಿಸಿದವಳು ಅವಳೇ. ಬಚ್ಚಲ ಒಳಗೆ ಹೇಗಿದೆ ಎಂದು ಮಾತ್ರ ಅವಳಿಗೆ ಗೊತ್ತಿರಲಿಲ್ಲ. ಒಳಗಿನವರು ಒಳಗೆ, ಹೊರಗಿನವರು ಹೊರಗೆ. ಯಾರೂ ಯಾರನ್ನೂ ಬೈಯುವ ಅಗತ್ಯವೇ ಬೀಳುತ್ತಿರಲಿಲ್ಲ. ಅಷ್ಟು ಚೆಂದವಾಗಿ ನಡೆದುಕೊಂಡು ಹೋಗುತ್ತಿತ್ತು.

ಮಗನಿಗೆ ಚನ್ನಕೇಶವ ಎಂದು ಹೆಸರಿಟ್ಟಾಗ ಮಂಜಯ್ಯನವರು ನಕ್ಕಿದ್ದರು. ದೇವರ ಹೆಸರಿಟ್ಟ ಮಾತ್ರಕ್ಕೆ ಗುಡಿಯೊಳಗೆ ಬಿಡ್ತಾರೇನೇ ಎಂದು ಕೇಳಿದ್ದರು. ಅವನು ಪಿಯುಸಿ ಪಾಸು ಮಾಡಿದ, ಡ್ರೈವಿಂಗ್ ಕಲಿತ, ಅವರದ್ದೇ ಜೀಪಿಗೆ ಡ್ರೈವರಾದ. ಕಾಫಿಗೆ ಒಳ್ಳೆಯ ರೇಟು ಬಂದ ವರ್ಷಗಳವು. ತೊಂಬತ್ತೈದರಿಂದಾಚೆ ಬೆಟ್ಟದ ಎಸ್ಟೇಟುಗಳಿಗೆಲ್ಲ ಹೊಸ ಕಾರು ಬಂದವು. ಲೈನಿಗೆ ಹೊಸ ಹಂಚು ಬರಲಿಲ್ಲ.

ಮಂಜಯ್ಯನವರಿಗೆ ಕವನಾ ಒಬ್ಬಳೇ ಮಗಳು. ಮೂಡಿಗೆರೆಯ ಕಾಲೇಜಿಗೆ ಹೋಗುತ್ತಿದ್ದಳು. ಗೋಣಿಬೀಡಿನವರೆಗೆ ಜೀಪಿನಲ್ಲಿ ಬಿಟ್ಟು ಬರುವುದು ಚನ್ನಕೇಶವನ ಕೆಲಸ. ಮುಂದಿನ ಸೀಟಿನಲ್ಲಿ ಅವನ ಪಕ್ಕವೇ ಕೂರುತ್ತಿದ್ದಳು. ಜೀಪಿನ ಸೀಟಿಗೆ ಮೈಲಿಗೆ ಇರಲಿಲ್ಲ. ಜಗಲಿಗೆ ಇತ್ತು. ಜೀಪಿನಲ್ಲಿ ಶುರುವಾದದ್ದು ಜೀಪಿನಲ್ಲೇ ಮುಗಿಯುತ್ತದೆ ಎಂದು ಯಾರಾದರೂ ಅಂದುಕೊಂಡಿದ್ದರೆ ಅದು ಅವರ ದಡ್ಡತನ. ಕವನಾಳ ಡಿಗ್ರಿ ಮುಗಿಯಿತು. ಜಾವಳಿಯ ಸೋದರಮಾವನ ಮಗ ಅಶ್ವಿನ್‌ಗೆ ಕೊಡುವುದು ಎಂದು ಮಾತಾಯಿತು. ಎಸ್ಟೇಟು ಸಂಬಂಧಿಕರ ಕೈ ಬಿಟ್ಟು ಹೋಗಬಾರದಲ್ಲ. ಮಾತಾದ ವಾರದಲ್ಲೇ ಕವನಾ ಚನ್ನಕೇಶವನ ಜೊತೆ ಹೊರಟುಬಿಟ್ಟಳು.

ಹೋದದ್ದು ಕಳಸದಿಂದಾಚೆ, ಕುದುರೆಮುಖದ ದಾರಿಯಲ್ಲಿರುವ ಇನ್ನೊಂದು ಎಸ್ಟೇಟಿನ ಲೈನಿಗೆ. ಅಲ್ಲಿ ಸಿದ್ದಮ್ಮನ ತಂಗಿ ಅಂಜನಮ್ಮ ಇದ್ದಳು. ಅವಳ ಮನೆಯ ಒಲೆಯ ಮುಂದೆ ಅರಿಶಿನ ಕೊಂಬಿನ ದಾರ ಕಟ್ಟಿದ್ದಾಯಿತು. ಚನ್ನಕೇಶವ ಕುದುರೆಮುಖದಲ್ಲಿ ಲಾರಿ ಓಡಿಸುವ ಕೆಲಸ ಕೇಳಿ ಬಂದಿದ್ದ. ಹೊರಡುವ ಮೊದಲು ಅವ್ವನಿಗೆ ಹೇಳಿದ್ದ.

"ಅವ್ವಾ, ಜಾಗ ಗೊತ್ತಿರೋದು ನಿಂಗೊಬ್ಳಿಗೇ. ಸತ್ರೂ ಹೇಳ್ಬೇಡ."

ಸತ್ತಿದ್ದರೆ ಹೇಳುತ್ತಿರಲಿಲ್ಲ.

ಮಂಜಯ್ಯನವರು ಬೈದರು. ಅವಳು ಬಾಯಿ ಬಿಡಲಿಲ್ಲ. ಲೈನಿನಿಂದ ಸಾಮಾನು ಹೊರಗೆ ಎಸೆಸುತ್ತೇನೆ ಎಂದರು. ಬಿಡಲಿಲ್ಲ. ಮೇಸ್ತ್ರಿ ಭೂತಯ್ಯ ಬಂದು ಕೂದಲು ಹಿಡಿದು ಎಳೆದ. ಭೂತಯ್ಯ ಅವಳದೇ ಕೇರಿಯವನು, ದೂರದಲ್ಲಿ ಅಣ್ಣ ಆಗಬೇಕು. ಕೂದಲು ಕಿತ್ತು ಬಂತು. ಮಾತು ಬರಲಿಲ್ಲ. ಬೈಗುಳ, ಹೊಡೆತ ಅವಳಿಗೆ ಹೊಸದಲ್ಲ. ಅದನ್ನೆಲ್ಲ ತಡೆದುಕೊಳ್ಳುವುದನ್ನು ಅವಳ ಅವ್ವ ಕಲಿಸಿ ಹೋಗಿದ್ದಳು. ಇನ್ನೊಂದನ್ನು ತಡೆದುಕೊಳ್ಳುವುದು ಹೇಗೆ ಎಂದು ಯಾರೂ ಕಲಿಸಿರಲಿಲ್ಲ.

ಮಾರನೆಯ ದಿನ ವಿಮಲಮ್ಮ ಕರೆಕಳಿಸಿದರು. ಅಂಗಳದಲ್ಲಿ ನಿಂತವಳನ್ನು ಜಗಲಿಗೆ ಬಾ ಎಂದರು. ಯಾವತ್ತೂ 'ಸಿದ್ದಿ' ಎನ್ನುತ್ತಿದ್ದವರು ಅವತ್ತು 'ಸಿದ್ದಮ್ಮ' ಎಂದರು. ಜಗಲಿಯ ಸಿಮೆಂಟು ತಣ್ಣಗಿತ್ತು. ಎಲ್ಲಿ ಕೂರಬೇಕೆಂದು ತಿಳಿಯದೆ ಅಂಚಿನಲ್ಲಿ ಅರ್ಧ ಕುಂಡೆ ಊರಿದಳು. ವಿಮಲಮ್ಮ ಒಳಗೆ ಹೋಗಿ ಸ್ಟೀಲಿನ ಲೋಟದಲ್ಲಿ ಕಾಫಿ ತಂದರು. ನೆಲದ ಮೇಲಿಡಲಿಲ್ಲ. ಕೈಗೇ ಕೊಟ್ಟರು. ಬೆರಳಿಗೆ ಬೆರಳು ತಾಗಿತು. ಲೋಟ ಬಿಸಿಯಾಗಿತ್ತು, ಕಾಫಿಗೆ ಕೆನೆಹಾಲು ಹಾಕಿದ್ದರು. ಅವಳು ಕುಡಿಯುವಾಗ ವಿಮಲಮ್ಮ ಅಳತೊಡಗಿದರು. ಪಕ್ಕದಲ್ಲೇ ಕೂತು ಅವಳ ಕೈ ಹಿಡಿದುಕೊಂಡರು.

"ಸಿದ್ದಮ್ಮಾ, ನೀನೂ ಹೆತ್ತೋಳು, ನಾನೂ ಹೆತ್ತೋಳು. ನಂಗೆ ನನ್ ಮಗಳನ್ನ ನೋಡ್ಬೇಕು ಅಷ್ಟೇ ಮಾರಾಯ್ತಿ. ಗೌಡ್ರಿಗೆ ನಾನು ಹೇಳಲ್ಲ. ನಾನೊಬ್ಳೇ ಹೋಗಿ ನೋಡ್ಕೊಂಡು ಬರ್ತೀನಿ."

ಆ ಕೈ ಮೆತ್ತಗಿತ್ತು. ಅಂಥ ಕೈ ಅವಳನ್ನು ಎಂದೂ ಮುಟ್ಟಿರಲಿಲ್ಲ. ಮುಟ್ಟಿಸಿಕೊಂಡದ್ದಕ್ಕೇ ಅವಳ ಎದೆ ತುಂಬಿ ಬಂತು, ಕಣ್ಣಲ್ಲಿ ನೀರು ಬಂತು, ಅದೇ ಹೊತ್ತಿನಲ್ಲಿ ಬಾಯಿಂದ ಮಾತೂ ಬಂತು. ಅಂಜನಮ್ಮನ ಹೆಸರು ಹೇಳಿದಳು. ಲೈನು ಎಲ್ಲಿದೆ ಎಂದು ಹೇಳಿದಳು. ಕವನಮ್ಮನಿಗೆ ಅಲ್ಲಿಯ ಚಳಿ ಒಗ್ಗಲಿಕ್ಕಿಲ್ಲ, ಹೋಗುವಾಗ ಸ್ವೆಟರು ತಗೊಂಡು ಹೋಗಿ ಎಂದೂ ಹೇಳಿದಳು.

ಲೋಟ ತೊಳೆದಿಡಲು ಎದ್ದಳು. ವಿಮಲಮ್ಮ ಬೇಡ, ಅಲ್ಲೇ ಇಡು ಎಂದರು. ಅದನ್ನೂ ಅವಳು ಪ್ರೀತಿ ಎಂದುಕೊಂಡಳು.

ಮನೆ ಬಳಸಿ ಹಿತ್ತಿಲ ದಾರಿಯಲ್ಲಿ ಇಳಿಯುವಾಗ ಬಚ್ಚಲಲ್ಲಿ ಚೆಂಬಿನ ಸದ್ದು ಕೇಳಿತು. ಆ ಹೊತ್ತಿನಲ್ಲಿ ಆ ಮನೆಯಲ್ಲಿ ಯಾರೂ ಸ್ನಾನ ಮಾಡುವುದಿಲ್ಲ. ಒಲೆಯೂ ಆರಿತ್ತು. ತಣ್ಣೀರನ್ನೇ ಹೊಯ್ದುಕೊಳ್ಳುತ್ತಿದ್ದರು. ಚೆಂಬಿನ ಮೇಲೆ ಚೆಂಬು, ಚೆಂಬಿನ ಮೇಲೆ ಚೆಂಬು. ಸಿದ್ದಮ್ಮ ಒಲೆಯ ಬಾಯಿಯ ಪಕ್ಕದಲ್ಲಿ ನಿಂತು ಕೇಳಿದಳು. ಅವಳನ್ನು ಮುಟ್ಟಿದ್ದನ್ನು ವಿಮಲಮ್ಮ ತೊಳೆದುಕೊಳ್ಳುತ್ತಿದ್ದರು.

ಅವಳಿಗೆ ಎಲ್ಲ ಅರ್ಥವಾಯಿತು. ಅರ್ಥವಾಗುವಷ್ಟರಲ್ಲಿ ಜೀಪು ಸ್ಟಾರ್ಟ್ ಆಗಿತ್ತು. ಮಂಜಯ್ಯನವರೇ ಸ್ಟೇರಿಂಗು ಹಿಡಿದಿದ್ದರು. ಪಕ್ಕದಲ್ಲಿ ಜಾವಳಿಯ ಭಾವಮೈದ, ಹಿಂದೆ ದೊಣ್ಣೆಗಳ ಜೊತೆ ಭೂತಯ್ಯ. ಅವಳು ಅಡ್ಡ ಓಡಿದಳು. ಕೆಮ್ಮಣ್ಣಿನ ರಸ್ತೆಯಲ್ಲಿ ಸೀರೆ ಕಾಲಿಗೆ ಸಿಕ್ಕಿ ಬಿದ್ದಳು. ಅಯ್ಯಾ, ಅಲ್ಲಿಲ್ಲ, ಸುಳ್ಳು ಹೇಳ್ದೆ ಎಂದು ಕೂಗಿದಳು. ಜೀಪು ನಿಲ್ಲಲಿಲ್ಲ.

ಕವನಾಳನ್ನು ತಲೆಗೂದಲು ಹಿಡಿದು ಜೀಪಿಗೆ ಹಾಕಿಕೊಂಡರು. ಮಂಜಯ್ಯನವರು ಮಗಳನ್ನು ಕರೆದುಕೊಂಡು ಮೊದಲೇ ಹೊರಟುಬಂದರು. ಹಿಂದೆ ಉಳಿದವರು ಚನ್ನಕೇಶವನನ್ನು ಕಾಡಿನ ಕಡೆ ಎಳೆದುಕೊಂಡು ಹೋದರು. ಭಾವಮೈದ ಅವನನ್ನು ಕೈಯಿಂದ ಮುಟ್ಟಲಿಲ್ಲ. ಹಿಡಿದುಕೊಂಡದ್ದು ಭೂತಯ್ಯ, ಹೊಡೆದದ್ದು ದೊಣ್ಣೆ. ಮೊಣಕಾಲಿನ ಕೆಳಗೆ ಎರಡೂ ಕಾಲು ಮುರಿಯಿತು. ಡ್ರೈವರಿಗೆ ಕಾಲು ಇಲ್ಲದಂತೆ ಮಾಡಿದರೆ ಸಾಕು ಎಂದು ಯೋಚಿಸಿಯೇ ಹೊಡೆದಿದ್ದರು. ಆಮೇಲೆ ಭೂತಯ್ಯನೇ ಬಾಡಿಗೆ ಜೀಪಿನಲ್ಲಿ ಒಯ್ದು ಹಾಸನದ ಆಸ್ಪತ್ರೆಗೆ ಸೇರಿಸಿ, ಮರಗಸಿ ಮಾಡುವಾಗ ಮರದಿಂದ ಬಿದ್ದ ಎಂದು ಹೇಳಿ ಬಂದ. ತೋಟದಲ್ಲಿ ನೆರಳಿನ ಮರ ಸವರುವಾಗ ವರ್ಷಕ್ಕೆ ಒಬ್ಬರಲ್ಲ ಒಬ್ಬರು ಬೀಳುವುದು ಇದ್ದದ್ದೇ. ಯಾರೂ ಏನೂ ಕೇಳಲಿಲ್ಲ.

ಸಿದ್ದಮ್ಮ ಆಸ್ಪತ್ರೆಗೆ ಹೋದಳು. ಮಗ ಗೋಡೆಯ ಕಡೆ ತಿರುಗಿ ಮಲಗಿದ.

"ನಿಂಗೊಬ್ಳಿಗೇ ಗೊತ್ತಿತ್ತು," ಎಂದ. "ಇನ್ನು ಬರ್ಬೇಡ."

ಅವಳು ಕಾಫಿಯ ವಿಷಯ ಹೇಳಲು ಬಾಯಿ ತೆರೆದಳು. ಎಂತ ಹೇಳುವುದು? ನನ್ನ ಕೈ ಮುಟ್ಟಿದರು ಕಣೋ, ಅದಕ್ಕೆ ಹೇಳಿಬಿಟ್ಟೆ ಎನ್ನುವುದೇ? ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಎದ್ದು ಬಂದಳು. ಅಂಜನಮ್ಮ ಅವನ ಪಕ್ಕದಲ್ಲಿ ಉಳಿದಳು.

ಬೇರೆ ಯಾರಾದರೂ ಆಗಿದ್ದರೆ ಆ ಎಸ್ಟೇಟಿಗೆ ಮತ್ತೆ ಕಾಲಿಡುತ್ತಿರಲಿಲ್ಲ. ಸಿದ್ದಮ್ಮ ಇಟ್ಟಳು. ಕವನಾ ಅಲ್ಲಿದ್ದಳು.

ಆ ಮನೆಯವರು ಮಗಳನ್ನು ಒಳಗೆ ಸೇರಿಸಿರಲಿಲ್ಲ. ಹೊಲೇರ ಹುಡುಗನ ಜೊತೆ ಇದ್ದು ಬಂದವಳು ದೇವರ ಮನೆ, ಅಡಿಗೆ ಮನೆ ಇರುವ ಕಡೆ ಓಡಾಡುವುದು ಹೇಗೆ? ಹಿತ್ತಿಲಲ್ಲಿ ಬಚ್ಚಲ ಆಚೆ ಮುಟ್ಟಾದವರು ಕೂರುವ ಕೋಣೆಯೊಂದಿತ್ತು. ಅದರಲ್ಲಿ ಹಾಕಿ ಬೀಗ ಜಡಿದರು. ಪುರೋಹಿತ ಕೃಷ್ಣಯ್ಯನವರು ಶುದ್ಧಿಗೆ ದಿನ ನೋಡಿ ಕೊಡುವವರೆಗೆ ಮನೆಯವರು ಯಾರೂ ಅವಳನ್ನು ಮುಟ್ಟುವ ಹಾಗಿರಲಿಲ್ಲ. ಹೆತ್ತ ತಾಯಿಯೂ ಮುಟ್ಟುವ ಹಾಗಿರಲಿಲ್ಲ. ಊಟ ಕೊಡಬೇಕಲ್ಲ, ಮೈಲಿಗೆ ಬಟ್ಟೆ ಒಗೆಯಬೇಕಲ್ಲ. ಯಾರು ಮಾಡುತ್ತಾರೆ? ಸಿದ್ದಿಯನ್ನೇ ಕರೆದರು. ಶಾಸ್ತ್ರದ ಜಾಣತನ ನೋಡಿ. ಯಾರ ಸೊಸೆಯಾಗಿದ್ದಕ್ಕೆ ಅವಳನ್ನು ಕೂಡಿ ಹಾಕಿದ್ದರೋ, ಆ ಅತ್ತೆಯ ಕೈಗೇ ಕೀಲಿಕೈ ಕೊಟ್ಟರು. ಸಿದ್ದಿ ಎಲ್ಲಿ ಹೋಗುತ್ತಾಳೆ, ಏನು ಮಾಡುತ್ತಾಳೆ ಎಂಬ ಧೈರ್ಯ.

ಕೋಣೆಗೆ ಕಿಟಕಿ ಇರಲಿಲ್ಲ. ಕವನಾಳ ಕೊರಳಲ್ಲಿ ದಾರ ಕಿತ್ತ ಗಾಯ ಕೀವಾಗಿತ್ತು. ಸಿದ್ದಮ್ಮ ಬೇವಿನೆಲೆ ಅರೆದು ಹಚ್ಚಿದಳು. ಆ ಹುಡುಗಿಯ ಬಟ್ಟೆ ಒಗೆದಳು, ಮಲದ ಬಕೀಟು ಹೊತ್ತು ಚೆಲ್ಲಿದಳು, ತಲೆ ಬಾಚಿದಳು. ಕವನಾ ಅವಳನ್ನು ಅತ್ತೆ ಎಂದು ಕರೆಯತೊಡಗಿದಳು. ಒಂದೊಂದು ಸಲ ಕರೆದಾಗಲೂ ಸಿದ್ದಮ್ಮನಿಗೆ ಕೆನ್ನೆಗೆ ಹೊಡೆದ ಹಾಗಾಗುತ್ತಿತ್ತು.

ಚನ್ನಕೇಶವ ಬದುಕಿದ್ದಾನೆ, ಹಾಸನದ ಆಸ್ಪತ್ರೆಯಲ್ಲಿದ್ದಾನೆ ಎಂದು ಹೇಳಿದಾಗ ಕವನಾ ಬಹಳ ಅತ್ತಳು. ತಾವು ಎಲ್ಲಿದ್ದೇವೆಂದು ಯಾರು ಹೇಳಿಕೊಟ್ಟರೋ, ಅವರ ಕೈ ಕೊಳೆತು ಹೋಗಲಿ ಎಂದಳು. ಸಿದ್ದಮ್ಮ ಬಾಚಣಿಗೆ ಹಿಡಿದ ಆ ಕೈಯಲ್ಲೇ ಇನ್ನೊಂದು ಸಿಕ್ಕು ಬಿಡಿಸಿದಳು. ನಾಳೆ ಹೇಳುತ್ತೇನೆ ಎಂದುಕೊಂಡಳು. ನಾಳೆ ಬಂದಾಗ ಮತ್ತೆ ನಾಳೆ ಎಂದುಕೊಂಡಳು. ಆ ಹುಡುಗಿ ಅತ್ತೆ ಎನ್ನುವುದನ್ನು ಕಳೆದುಕೊಳ್ಳಲು ಅವಳಿಗೆ ಮನಸ್ಸಿರಲಿಲ್ಲ. ಅದೂ ಒಂದು ಲೋಟ ಕಾಫಿಯೇ. ಕುಡಿಯುತ್ತಿದ್ದಳು.

ಕೀಲಿಕೈ ಇದ್ದರೂ ದಾರಿ ಇರಲಿಲ್ಲ. ಹಿತ್ತಿಲ ಮೂರು ಕಡೆ ಗುಡ್ಡ ಕಡಿದ ಎತ್ತರದ ಧರೆ. ಪಕ್ಕದ ಓಣಿಯಲ್ಲಿ ಹಗಲೂ ರಾತ್ರಿ ಆಳು ಕೂರಿಸಿದ್ದರು. ಇನ್ನುಳಿದದ್ದು ಅಡಿಗೆ ಮನೆಯ ಹಿಂಬಾಗಿಲು. ಅದಕ್ಕೆ ಮಾತ್ರ ಕಾವಲಿರಲಿಲ್ಲ. ಅದು ತೆರೆದೇ ಇರುತ್ತಿತ್ತು. ಸಿದ್ದಿ ಆ ಬಾಗಿಲು ದಾಟಿ ಒಳಗೆ ಬರಬಹುದು ಎಂಬ ಯೋಚನೆ ಆ ಮನೆಯಲ್ಲಿ ಯಾರಿಗೂ ಬರುವ ಹಾಗೇ ಇರಲಿಲ್ಲ. ಸಿದ್ದಿಗೂ ಬಂದಿರಲಿಲ್ಲ.

ಶುದ್ಧಿಯ ದಿನ ಬೆಳಿಗ್ಗೆ ಜಾವಳಿಯವರೆಲ್ಲ ಬಂದಿಳಿದರು. ಶುದ್ಧಿ ಮಾಡಿಸಿದರೆ ಅಶ್ವಿನ್‌ಗೆ ತಂದುಕೊಳ್ಳುತ್ತೇವೆ ಎಂದು ಒಪ್ಪಿದ್ದರು. ಕೃಷ್ಣಯ್ಯನವರು ಮುಂದಿನ ಅಂಗಳದಲ್ಲಿ ಹೋಮಕ್ಕೆ ಇಟ್ಟಿಗೆ ಜೋಡಿಸಿದ್ದರು. ಎಲ್ಲರೂ ಮಿಂದು ಮಡಿಯಲ್ಲಿದ್ದರು. ಹೊರಕೋಣೆಯ ಮುಂದೆ ಮೊದಲ ನೀರು ಹೊಯ್ಯುವುದು ಸಿದ್ದಮ್ಮನ ಪಾಲಿಗೆ ಬಂತು. ಆ ನೀರಲ್ಲಿ ಕೇರಿಯ ಮೈಲಿಗೆ ಹೋಗಬೇಕು, ಆಮೇಲೆ ಮನೆಯ ಹೆಂಗಸರು ಎರಡನೆಯ ನೀರು ಹೊಯ್ದು ಒಳಗೆ ಕರೆದುಕೊಳ್ಳಬೇಕು. ವಿಮಲಮ್ಮ ದೂರ ನಿಂತು, ಚೆನ್ನಾಗಿ ಉಜ್ಜು ಎಂದರು.

"ಅವನು ಮುಟ್ಟಿದ್ದೆಲ್ಲ ಹೋಗ್ಬೇಕು. ಉಜ್ಜೇ ಸಿದ್ದಿ."

ಸಿದ್ದಮ್ಮನ ಕೈಯಲ್ಲಿ ಚೆಂಬಿತ್ತು. ನೀರು ಹೊಯ್ದಳು. ಕವನಾ ಚಳಿಗೆ ನಡುಗುತ್ತ ಕುಕ್ಕುರು ಕೂತಿದ್ದಳು. ಚೆಂಬಿನ ಸದ್ದು. ಆ ಸದ್ದನ್ನು ಸಿದ್ದಮ್ಮ ಗೋಡೆಯ ಹೊರಗೆ ನಿಂತು ಕೇಳಿದ್ದಳು. ಅವತ್ತು ತನ್ನನ್ನು ತೊಳೆದುಕೊಂಡಿದ್ದರು. ಇವತ್ತು ತನ್ನ ಮಗನನ್ನು ತೊಳೆಸುತ್ತಿದ್ದಾರೆ. ಅದೂ ತನ್ನ ಕೈಯಿಂದಲೇ.

ಚೆಂಬನ್ನು ಕಲ್ಲಿನ ಮೇಲೆ ಎಸೆದಳು.

"ಉಜ್ಜಲ್ಲ," ಎಂದಳು. "ನನ್ ಮಗ ಮುಟ್ಟಿದ್ದು ಕೊಳೆ ಅಲ್ಲ."

ಕವನಾಳ ಒದ್ದೆ ಕೈ ಹಿಡಿದು ಎಬ್ಬಿಸಿದಳು. ಓಣಿಯ ಕಡೆ ಹೋಗಲಿಲ್ಲ. ನೇರವಾಗಿ ಅಡಿಗೆ ಮನೆಯ ಬಾಗಿಲಿಗೆ ನಡೆದಳು. ವಿಮಲಮ್ಮ ಅಡ್ಡ ಬಂದು ಕೈ ಚಾಚಿದರು. ಸಿದ್ದಮ್ಮ ಇನ್ನೊಂದು ಹೆಜ್ಜೆ ಮುಂದಿಟ್ಟಳು. ಚಾಚಿದ ಕೈ ತಾನಾಗಿಯೇ ಹಿಂದಕ್ಕೆ ಹೋಯಿತು. ತಲೆತಲಾಂತರದಿಂದ ಪಾಠವಾದ ಕೈ ಅದು, ಮಗಳು ಹೋಗುತ್ತಿದ್ದರೂ ಪಾಠ ಮರೆಯಲಿಲ್ಲ.

ಅಡಿಗೆ ಮನೆಯಲ್ಲಿ ನೈವೇದ್ಯಕ್ಕೆ ಪಾಯಸ ಕುದಿಯುತ್ತಿತ್ತು. ಹೆಂಗಸರು ಗೋಡೆಗೆ ಅಂಟಿಕೊಂಡರು. ಸಿದ್ದಮ್ಮನ ಕೆಸರು ಕಾಲು ಒಲೆಯ ಮುಂದಿನಿಂದ, ನಡುಮನೆಯಿಂದ, ದೇವರ ಮನೆಯ ಎದುರಿನಿಂದ ಹೋಯಿತು. ಇಷ್ಟು ವರ್ಷದಲ್ಲಿ ಮೊದಲ ಸಲ ಆ ಮನೆಯ ಒಳಗನ್ನು ನೋಡಿದಳು. ನೋಡುವಂಥದ್ದು ಏನೂ ಇರಲಿಲ್ಲ. ನಾಲ್ಕು ಕುರ್ಚಿ, ಒಂದು ಟೀವಿ, ಗೋಡೆಗೆ ಕೋವಿ. ಇದಕ್ಕೇನಾ ಎನ್ನಿಸಿತು.

ಮುಂದಿನ ಅಂಗಳಕ್ಕೆ ಬಂದಾಗ ಕೃಷ್ಣಯ್ಯನವರು ಪಂಚೆ ಎತ್ತಿಕೊಂಡು ಹಿಂದೆ ಸರಿದರು. ಮಂಜಯ್ಯನವರು ಬೆರಳಲ್ಲಿ ದರ್ಭೆ ಹಾಕಿಕೊಂಡು ಕೂತವರು ಎದ್ದು ಕೈ ಎತ್ತಿದರು. ಮುಟ್ಟಬೇಡಿ, ಸಂಕಲ್ಪ ಆಗಿದೆ ಎಂದರು ಕೃಷ್ಣಯ್ಯನವರು. ಎತ್ತಿದ ಕೈ ಅಲ್ಲೇ ನಿಂತಿತು. ಭಾವಮೈದ ದೊಣ್ಣೆಗೆ ಆಚೀಚೆ ನೋಡಿದ. ಪೂಜೆಯ ಮನೆಯಲ್ಲಿ ದೊಣ್ಣೆ ಎಲ್ಲಿರುತ್ತದೆ? ಮಂಜಯ್ಯನವರು ಬೇಲಿಯ ಆಚೆ ನಿಂತಿದ್ದ ಭೂತಯ್ಯನನ್ನು ಕೂಗಿದರು. ಹಿಡ್ಕೊಳ್ಳೋ ಅವಳನ್ನ ಎಂದರು.

ಭೂತಯ್ಯ ತನ್ನ ಕೈ ನೋಡಿಕೊಂಡ. ಚನ್ನಕೇಶವನನ್ನು ಹಿಡಿದುಕೊಂಡಿದ್ದ ಕೈ. ಆಮೇಲೆ ತಲೆ ತಗ್ಗಿಸಿ ಮೆಲ್ಲಗೆ ಹೇಳಿದ.

"ಪೂಜೆ ನಡೀತಿದೆ ಅಯ್ಯ. ನಾನು ಅಂಗಳಕ್ಕೆ ಹೆಂಗೆ ಬರ್ಲಿ?"

ಆಗ ಹಿಂದಿನಿಂದ ವಿಮಲಮ್ಮ ಬಂದರು. ಕೈಯಿಂದ ಆಗದ್ದನ್ನು ಬಾಯಿಂದ ಮಾಡಿದರು.

"ಯಾರ ಕೈ ಹಿಡ್ಕೊಂಡಿದ್ದೀಯ ಅಂತ ಗೊತ್ತಾ ಕವನಾ? ನೀವೆಲ್ಲಿದ್ದೀರಿ ಅಂತ ಹೇಳಿದ್ದು ಇವಳೇ. ಒಂದು ಲೋಟ ಕಾಫಿಗೆ ಹೇಳಿದ್ಳು. ಬೇಕಾದ್ರೆ ಕೇಳು."

ಕವನಾ ನಿಂತಳು. ತಿರುಗಿ ಸಿದ್ದಮ್ಮನ ಮುಖ ನೋಡಿದಳು. ಸಿದ್ದಮ್ಮ ಸುಳ್ಳು ಹೇಳಬಹುದಿತ್ತು. ಗೇಟಿಗೆ ಇನ್ನು ಸ್ವಲ್ಪವೇ ದೂರ.

"ಹೌದು," ಎಂದಳು. "ನಾನೇ ಹೇಳಿದ್ದು."

ಕವನಾ ಕೈ ಬಿಡಿಸಿಕೊಂಡಳು. ಹಿಂದೆ ಮನೆ, ಮುಂದೆ ಗೇಟು, ಪಕ್ಕದಲ್ಲಿ ತನ್ನನ್ನು ಹಿಡಿದುಕೊಟ್ಟವಳು. ಆಮೇಲೆ ಯಾರ ಕೈಯನ್ನೂ ಹಿಡಿಯದೆ ತಾನೇ ನಡೆದು ಗೇಟು ದಾಟಿದಳು. ಸಿದ್ದಮ್ಮ ಹಿಂದೆ ಹಿಂದೆ ನಡೆದಳು. ಆ ಮನೆಯವರಿಂದ ಎಷ್ಟು ದೂರ ನಿಂತು ಬದುಕಿದ್ದಳೋ ಅಷ್ಟೇ ದೂರ ಬಿಟ್ಟು ನಡೆದಳು. ಈ ಸಲ ಅದು ನ್ಯಾಯವೇ ಆಗಿತ್ತು.

ಅವರು ಗೋಣಿಬೀಡು ಸೇರುವ ಹೊತ್ತಿಗೆ ಜಾವಳಿಯವರ ಕಾರು ಹಿಂದಿನಿಂದ ಬಂತು. ಅಂಗಡಿಗಳ ಮುಂದೆ ಜನ ಇದ್ದರು. ಮಾನಸ್ಥರು ಜನರೆದುರು ಹೆಣ್ಣುಮಗಳನ್ನು ಎಳೆದಾಡುವುದಿಲ್ಲ, ಕಾಡಲ್ಲಾದರೆ ಬೇರೆ. ಕಾರು ಸ್ವಲ್ಪ ಹೊತ್ತು ನಿಂತು ತಿರುಗಿ ಹೋಯಿತು. ಬಸ್ಸಿನಲ್ಲಿ ಕವನಾ ಮುಂದೆ ಕೂತಳು, ಸಿದ್ದಮ್ಮ ಹಿಂದೆ. ಮುಂದೆ ಒದ್ದೆ ಬಟ್ಟೆಯಲ್ಲಿ ಕೂತವರದ್ದೂ ಕೊಡಿ ಎಂದು ಕಂಡಕ್ಟರಿಗೆ ಹೇಳಿ ಹಾಸನಕ್ಕೆ ಟಿಕೆಟು ತಗೊಂಡಳು. ದಾರಿಯುದ್ದಕ್ಕೂ ಕವನಾ ಒಮ್ಮೆಯೂ ತಿರುಗಿ ನೋಡಲಿಲ್ಲ.

ಆಸ್ಪತ್ರೆಯಲ್ಲಿ ಕವನಾ ಒಳಗೆ ಹೋದಳು. ಸಿದ್ದಮ್ಮ ವಾರ್ಡಿನ ಹೊರಗೆ ಗೋಡೆಗೆ ಒರಗಿ ಕೂತಳು. ಮಗ ಬರಬೇಡ ಎಂದಿದ್ದ. ಒಳಗಿನಿಂದ ಅವನು ಅಳುವುದು ಕೇಳಿಸಿತು. ಸಣ್ಣವನಿದ್ದಾಗಲೂ ಹಾಗೇ ಅಳುತ್ತಿದ್ದ, ಉಸಿರು ಕಟ್ಟಿ. ಎದ್ದು ಹೋಗಬೇಕೆಂದು ಕಾಲು ಹೇಳಿತು. ಹೋಗಲಿಲ್ಲ.

ಮಧ್ಯಾಹ್ನ ಕಳೆದ ಮೇಲೆ ಪೊಲೀಸಿನವನೊಬ್ಬ ವಾರ್ಡಿಗೆ ಹೋದ. ಕವನಾ ಹಟ ಹಿಡಿದು ಕರೆಸಿದ್ದಳು. ಒಳಗಿನ ಮಾತು ಹೊರಗೆ ಕೇಳುತ್ತಿತ್ತು. ಅವನು ಕೆಟ್ಟವನಲ್ಲ, ಬೇಸತ್ತವನು. ನೀವೆಲ್ಲ ಹೇಳುವುದು ಕಳಸದಾಚೆ ನಡೆದದ್ದು, ಹೊಡೆಯುವಾಗ ನೀನು ಅಲ್ಲಿರಲೂ ಇಲ್ಲ ಎಂದ. ಗೌಡರು ಆ ದಿನ ತೋಟ ಬಿಟ್ಟು ಹೋಗಿಯೇ ಇಲ್ಲ ಎನ್ನುತ್ತಾರೆ, ಕಳಸದಾಚೆಯ ಜಾಗ ಅವರಿಗೆ ಗೊತ್ತಿತ್ತು ಅನ್ನುವುದಕ್ಕೆ, ಅವರೇ ತೋಟದಿಂದ ಹೊರಟದ್ದನ್ನು ನೋಡಿದೆ ಅನ್ನುವುದಕ್ಕೆ ಯಾರಿದ್ದಾರೆ ಎಂದು ಕೇಳಿದ.

ಕವನಾ ಹೊರಗೆ ಬಂದಳು. ಸಿದ್ದಮ್ಮನ ಎದುರು ನಿಂತಳು. ಅವಳ ಮುಖದಲ್ಲಿ ಕ್ಷಮೆ ಇರಲಿಲ್ಲ.

"ಕೇಳಿಸ್ತಾ?" ಎಂದಳು. "ಹೇಳ್ತೀರಾ?"

ಹೇಳಿದರೆ ಊರಿಗೆಲ್ಲ ಗೊತ್ತಾಗುತ್ತದೆ. ಕೇರಿಯವರು ಮುಖಕ್ಕೆ ಉಗಿಯುತ್ತಾರೆ. ಕೋರ್ಟಿನಲ್ಲಿ ನಿಲ್ಲಿಸಿ, ಒಂದು ಲೋಟ ಕಾಫಿಗೆ ಮಗನನ್ನು ಹಿಡಿದುಕೊಟ್ಟವಳು ನೀನೇ ತಾನೇ ಎಂದು ಕೇಳುತ್ತಾರೆ, ಒಂದಲ್ಲ, ಹತ್ತು ಸಲ ಕೇಳುತ್ತಾರೆ. ಹೌದು ಎನ್ನಬೇಕು. ಅಲ್ಲ ಎಂದರೆ ಗೌಡರು ಉಳಿದುಕೊಳ್ಳುತ್ತಾರೆ.

ಸಿದ್ದಮ್ಮ ಎದ್ದು ಒಳಗೆ ಹೋದಳು. ಮಗ ಗೋಡೆಯ ಕಡೆ ತಿರುಗಿದ. ಅವನ ಬೆನ್ನಿಗೆ ಕೇಳುವ ಹಾಗೆ ಎಲ್ಲ ಹೇಳಿದಳು. ಜಗಲಿ, ಕಾಫಿ, ಮುಟ್ಟಿದ ಕೈ, ಸ್ವೆಟರಿನ ಮಾತು, ಜೀಪಿನಲ್ಲಿ ಕೂತಿದ್ದವರು ಯಾರು, ದೊಣ್ಣೆ ಎಲ್ಲಿತ್ತು. ಯಾವುದನ್ನೂ ಬಿಡಲಿಲ್ಲ. ಪೊಲೀಸಿನವನು ಪೆನ್ನು ತೆಗೆದ, ಅವಳ ಮುಖ ನೋಡಿದ, ನಿನ್ನ ವಿಷಯ ಬಿಟ್ಟು ಬರೆದುಕೊಳ್ಳಲೇನಮ್ಮ ಎಂದು ಮೆಲ್ಲಗೆ ಕೇಳಿದ.

"ಬಿಡ್ಬೇಡಿ," ಎಂದಳು ಸಿದ್ದಮ್ಮ. "ಯಾವತ್ತೂ ಗೌಡ್ರ ಹೆಸರೇ ಮೇಲಿತ್ತು. ಈ ತಪ್ಪಲ್ಲಿ ನನ್ನ ಹೆಸರು ಮೇಲೆ ಬರೀರಿ. ಅವರ ಹೆಸರು ಅದರ ಕೆಳಗೆ ಬರೀರಿ."